ಮನೆಯಲ್ಲೇ ಮಾಡಿದ ಗುಮ್ಮ

ಅಕ್ಟೋಬರ್ ಮುಗಿಯುತ್ತ ಬಂದಂತೆ ಮುಂಬಯಿ, ಪುಣೆ, ಹೈದರಾಬಾದಿನ ದೊಡ್ಡ ಹೌಸಿಂಗ್ ಸೊಸೈಟಿಗಳ ಸೂಚನಾ ಫಲಕದಲ್ಲಿ ಈಗ ಹ್ಯಾಲೋವೀನ್ ಸಂಜೆಯ ಪ್ರಕಟಣೆಯೂ ಕಾಣಿಸಿಕೊಳ್ಳುತ್ತದೆ. ಮಕ್ಕಳು ವೇಷ ತೊಟ್ಟು ಮಹಡಿಯಿಂದ ಮಹಡಿಗೆ ಹೋಗಿ ಕರೆಗಂಟೆ ಒತ್ತುತ್ತಾರೆ, ಚಾಕಲೇಟು ಪಡೆದು ಮುಂದಿನ ಬಾಗಿಲಿಗೆ ಓಡುತ್ತಾರೆ. ಅದೇ ಹೊತ್ತಿಗೆ ನಮ್ಮಂಥ ಹೊರನಾಡ ಕನ್ನಡಿಗರ ಕೂಟಗಳಲ್ಲಿ ಒಂದು ಚರ್ಚೆಯೂ ಏಳುತ್ತದೆ: ಇದು ನಮ್ಮ ಹಬ್ಬವೇ? ಉತ್ತರ ಎಲ್ಲರಿಗೂ ಗೊತ್ತಿದೆ, ಅಲ್ಲ. ಆದರೆ ಅಷ್ಟು ಹೇಳಿದ ಮಾತ್ರಕ್ಕೆ ಚರ್ಚೆ ಮುಗಿಯುವುದಿಲ್ಲ. ಮಕ್ಕಳು ಹೇಗೂ ಹೋಗುತ್ತಾರೆ; ಹಿರಿಯರು ಹೇಗೂ ಗೊಣಗುತ್ತಾರೆ. ಹಬ್ಬ ಎಲ್ಲಿಂದ ಬಂತು ಎಂಬುದಕ್ಕಿಂತ ಅದು ತನ್ನ ನೆಲದಲ್ಲಿ ಯಾವುದರಿಂದ ಬದುಕಿತು, ಯಾವುದರಿಂದ ಬಡವಾಯಿತು ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತವೆಂದು ನಮಗೆ ತೋರುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹ್ಯಾಲೋವೀನಿನ ಜೀವಾಳ ಎರಡು: ಮನೆಯವರ ಕೈಯಲ್ಲಿ ಸಿದ್ಧವಾದ ಹೆದರಿಕೆ ಮತ್ತು ನೆರೆಯವರು ತೆರೆಯುವ ಬಾಗಿಲು. ಇವೆರಡೂ ಇರುವಲ್ಲಿ ಅದು ಒಳ್ಳೆಯ ಹಬ್ಬ. ಇವು ಹೋದಮೇಲೆ ಉಳಿಯುವುದು ವ್ಯಾಪಾರ ಮಾತ್ರ.

ಹಬ್ಬದ ಬೇರು ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಆರಂಭವಾಗುವ ಸಂಧಿಕಾಲವನ್ನು ಕೆಲ್ಟಿಕ್ ಜನ 'ಸಾವಿನ್' ಎಂದು ಕರೆದು ಆಚರಿಸುತ್ತಿದ್ದರು. ಆ ರಾತ್ರಿ ಬದುಕಿದವರ ಲೋಕಕ್ಕೂ ಅಳಿದವರ ಲೋಕಕ್ಕೂ ನಡುವಣ ಗೋಡೆ ತೆಳುವಾಗುತ್ತದೆಂಬುದು ನಂಬಿಕೆ. ಎಂಟು, ಒಂಬತ್ತನೆಯ ಶತಮಾನಗಳಲ್ಲಿ ಕ್ರೈಸ್ತ ಧರ್ಮಸಭೆ ನವೆಂಬರ್ 1ನ್ನು ಸಕಲ ಸಂತರ ದಿನವೆಂದು ನೆಲೆಗೊಳಿಸಿತು. ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನವಾಯಿತು. ಸಂತರ ದಿನದ ಹಿಂದಿನ ಸಂಜೆ ಎಂಬರ್ಥದ ಇಂಗ್ಲಿಷ್ ಮಾತೇ ಸವೆದು ಹ್ಯಾಲೋವೀನ್ ಆಗಿದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಈ ದಿನಗಳಲ್ಲಿ ಮನೆಮನೆಗೆ ಹೋಗಿ, ಆ ಮನೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ಒಂದು ಸಣ್ಣ ಸಿಹಿ ರೊಟ್ಟಿಯನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡಿನ ಮಕ್ಕಳು ಹಳೆಯ ಬಟ್ಟೆ ಸುತ್ತಿಕೊಂಡು, ಮುಖಕ್ಕೆ ಮಸಿ ಬಳಿದುಕೊಂಡು ಹೋಗುತ್ತಿದ್ದರು. ಅಲ್ಲಿ ಒಂದು ನಿಯಮವಿತ್ತು. ಬಾಗಿಲು ತೆರೆದ ಮೇಲೆ ಮಗು ಒಂದು ಹಾಡನ್ನೋ ಪದ್ಯವನ್ನೋ ನಗೆಮಾತನ್ನೋ ಹೇಳಬೇಕು. ಆಮೇಲೆಯೇ ಹಣ್ಣು, ಬೀಜ, ಬಿಡಿಗಾಸು. ಸುಮ್ಮನೆ ಕೈಯೊಡ್ಡುವ ಪದ್ಧತಿ ಇರಲಿಲ್ಲ.

ದೀಪವೂ ಆಗ ಕುಂಬಳಕಾಯಿಯದಲ್ಲ. ಟರ್ನಿಪ್ ಗೆಡ್ಡೆಯ ಒಳಗನ್ನು ಕೆರೆದು ತೆಗೆದು, ಕಣ್ಣು ಬಾಯಿ ಕೊರೆದು, ಒಳಗೆ ಉರಿಯುವ ತುಂಡು ಬತ್ತಿ ಇಡುತ್ತಿದ್ದರು. 1845ರಿಂದ ಐರ್ಲೆಂಡನ್ನು ಕಾಡಿದ ಆಲೂಗೆಡ್ಡೆ ಕ್ಷಾಮದಿಂದ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಅಲ್ಲಿ ಟರ್ನಿಪ್ಪಿಗಿಂತ ದೊಡ್ಡದಾದ, ಕೊರೆಯಲು ಮೆತ್ತಗಿರುವ ಕುಂಬಳಕಾಯಿ ಕೈಗೆ ಸಿಕ್ಕಿತು. ಊರು ಬಿಟ್ಟವರು ಹಬ್ಬವನ್ನು ಜೊತೆಗೆ ಕೊಂಡೊಯ್ದು, ಹೊಸ ನೆಲದಲ್ಲಿ ಸಿಕ್ಕಿದ ಕಾಯಿಯಿಂದ ಅದನ್ನು ಮತ್ತೆ ಕಟ್ಟಿಕೊಂಡರು. ಹೊರನಾಡಿನಲ್ಲಿ ಗೌರಿ ಬಾಗಿನಕ್ಕೆ ಮೊರ ಸಿಗದೆ ತಟ್ಟೆಯಲ್ಲೇ ಬಾಗಿನ ಜೋಡಿಸುವ ನಮ್ಮ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಈ ಹಬ್ಬಕ್ಕೆ ಮೊದಲು ಬಂದ ಕುತ್ತು ಪುಂಡಾಟದ್ದು. ಗೇಟು ಕಿತ್ತು ಹಾಕುವ, ಗಾಡಿಯನ್ನು ಮಾಡಿನ ಮೇಲೇರಿಸುವ ಹಳ್ಳಿಯ ಚೇಷ್ಟೆ ನಗರಗಳಿಗೆ ಬಂದಾಗ ಗಾಜು ಒಡೆಯುವ, ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು. ಮಿನ್ನೆಸೋಟ ರಾಜ್ಯದ ಅನೋಕ ಎಂಬ ಊರು 1920ರಲ್ಲಿ ಇದಕ್ಕೊಂದು ಉಪಾಯ ಮಾಡಿತು: ಬಯ್ಯುವ ಬದಲು ಮಕ್ಕಳಿಗಾಗಿ ಮೆರವಣಿಗೆ ಏರ್ಪಡಿಸಿತು. ಆರ್ಥಿಕ ಕುಸಿತದ 1930ರ ದಶಕದಲ್ಲಿ ಇನ್ನೊಂದು ದಾರಿ ಹೊಳೆಯಿತು. ಒಂದು ಬೀದಿಯ ಕೆಲವು ಮನೆಯವರು ಸೇರಿ ಖರ್ಚು ಹಂಚಿಕೊಳ್ಳುತ್ತಿದ್ದರು. ಮಕ್ಕಳ ಗುಂಪು ಒಂದು ಮನೆಯಲ್ಲಿ ತಿಂಡಿ, ಇನ್ನೊಂದರಲ್ಲಿ ಆಟ, ಮತ್ತೊಂದರ ನೆಲಮಾಳಿಗೆಯಲ್ಲಿ ಹೆದರಿಕೆ ಎಂದು ಸುತ್ತಿ ಬರುತ್ತಿತ್ತು. ಆ ಕತ್ತಲೆ ನೆಲಮಾಳಿಗೆಯಲ್ಲಿ ಒದ್ದೆ ಸ್ಪಂಜನ್ನು ಮುಖಕ್ಕೆ ತಾಗುವಂತೆ ತೂಗುಹಾಕುವುದು, ಹಳೆಯ ತುಪ್ಪಳದ ಕೋಟನ್ನು ಗೋಡೆಗೆ ಜಡಿಯುವುದು, ಮೂಲೆಯಲ್ಲಿ ನಿಂತು ನರಳುವುದು, ಇಷ್ಟೇ ಬಂಡವಾಳ. ಇಂದು ಕೋಟಿಗಟ್ಟಲೆ ಡಾಲರು ಗಳಿಸುವ ಅಮೆರಿಕದ ಭೂತಬಂಗಲೆಗಳ ಒಂದು ಹುಟ್ಟು ಹೀಗೆ ಹಣವಿಲ್ಲದ ಕಾಲದ ತಂದೆತಾಯಂದಿರ ನೆಲಮಾಳಿಗೆಯಲ್ಲಿದೆ.

ಎರಡನೆಯ ಮಹಾಯುದ್ಧ ಮುಗಿದು, 1947ರಲ್ಲಿ ಸಕ್ಕರೆಯ ಪಡಿತರ ರದ್ದಾದ ಮೇಲೆ ಮಕ್ಕಳು ಮನೆಮನೆಗೆ ಹೋಗಿ ಸಿಹಿ ಕೇಳುವ 'ಟ್ರಿಕ್ ಆರ್ ಟ್ರೀಟ್' ಅಮೆರಿಕದ ಉದ್ದಗಲಕ್ಕೂ ಹರಡಿತು. 1950ರಲ್ಲಿ ಫಿಲಡೆಲ್ಫಿಯ ಕಡೆಯ ಮಕ್ಕಳು ಹಾಲಿನ ಖಾಲಿ ಡಬ್ಬಿ ಹಿಡಿದು ಬೇರೆ ದೇಶಗಳ ಮಕ್ಕಳಿಗಾಗಿ ಚಿಲ್ಲರೆ ಕಾಸು ಕೂಡಿಸಿದರು; ಯುನಿಸೆಫ್ ಸಂಸ್ಥೆಗಾಗಿ ನಡೆಯುವ ದೊಡ್ಡ ಸಂಗ್ರಹಕ್ಕೆ ಅದು ನಾಂದಿಯಾಯಿತು. ಪ್ಲಾಸ್ಟಿಕ್ ಮುಖವಾಡ ಮತ್ತು ತೆಳು ಅಂಗಿ ಸೇರಿದ ಪೆಟ್ಟಿಗೆಯ ವೇಷಗಳು ಅಂಗಡಿಗೆ ಬಂದಿದ್ದವು. ಆದರೂ ಬಹಳ ಮನೆಗಳಲ್ಲಿ ವೇಷ ಹುಟ್ಟುತ್ತಿದ್ದದ್ದು ಅಮ್ಮನ ಹೊಲಿಗೆ ಯಂತ್ರದ ಮುಂದೆ, ಅಪ್ಪನ ಉಪಕರಣಗಳ ಮೇಜಿನ ಮೇಲೆ. ಹಳೆಯ ಬೆಡ್‌ಶೀಟಿಗೆ ಎರಡು ತೂತು ಕೊರೆದರೆ ದೆವ್ವ. ರಟ್ಟಿನ ಪೆಟ್ಟಿಗೆಗೆ ಬೆಳ್ಳಿಬಣ್ಣ ಬಳಿದರೆ ಯಂತ್ರಮಾನವ. ಅಜ್ಜನ ಕೋಟಿಗೆ ಹುಲ್ಲು ತುರುಕಿದರೆ ಬೆರ್ಚಪ್ಪ.

ಇಂಥ ವೇಷವನ್ನು ನಾವು ಎತ್ತಿ ಹಿಡಿಯುವುದು ಹಳೆಯದೆಲ್ಲ ಹೊನ್ನೆಂಬ ಮೋಹದಿಂದಲ್ಲ. ಕೊಂಡ ವೇಷ ಮಗುವನ್ನು ಒಂದು ಸಿನಿಮಾದ ಪಾತ್ರವಾಗಿಸುತ್ತದೆ. ಪಾತ್ರವನ್ನು ಬೇರೆ ಯಾರೋ ಕಲ್ಪಿಸಿ ಮುಗಿಸಿದ್ದಾರೆ. ಮನೆಯಲ್ಲಿ ಮಾಡುವಾಗ 'ನಾನು ಏನಾಗಲಿ?' ಎಂಬ ಪ್ರಶ್ನೆಯೊಂದಿಗೆ ಮಗು ಎರಡು ಮೂರು ವಾರ ಬದುಕುತ್ತದೆ. ಬಾವಲಿಯ ರೆಕ್ಕೆ ಏಕೆ ಮಡಚುತ್ತದೆಂದು ನೋಡುತ್ತದೆ. ಹಳೆಯ ಕೊಡೆಯ ಕಡ್ಡಿ ಅದಕ್ಕೆ ಒಪ್ಪುತ್ತದೆಂದು ಕಂಡುಕೊಳ್ಳುತ್ತದೆ. ಅಂಟು ಹಿಡಿಯದೆ ಸಿಟ್ಟಾಗುತ್ತದೆ, ಮತ್ತೆ ಕೂರುತ್ತದೆ. ಅಷ್ಟು ದಿನವೂ ದೊಡ್ಡವರೊಬ್ಬರು ಅದರ ಪಕ್ಕದಲ್ಲಿ ಕುಳಿತಿರುತ್ತಾರೆ. ಅಮೆರಿಕದಲ್ಲಿ ಗಾಲಿಕುರ್ಚಿ ಬಳಸುವ ಮಕ್ಕಳ ತಂದೆತಾಯಂದಿರು ಆ ಕುರ್ಚಿಯನ್ನೇ ಕಡಲುಗಳ್ಳರ ಹಡಗಾಗಿ, ಡ್ರ್ಯಾಗನ್ನಾಗಿ ಕಟ್ಟುವುದುಂಟು. ಅದನ್ನು ಉಚಿತವಾಗಿ ಮಾಡಿಕೊಡುವ ಸ್ವಯಂಸೇವಕರ ತಂಡಗಳೂ ಇವೆ. ವರ್ಷವಿಡೀ ಜನ ಕನಿಕರದಿಂದ ನೋಡುವ ಕುರ್ಚಿಯನ್ನು ಆ ಒಂದು ರಾತ್ರಿ ಇಡೀ ಬೀದಿ ಅಸೂಯೆಯಿಂದ ನೋಡುತ್ತದೆ. ಅಂಗಡಿಯ ಅಳತೆಯ ಪೆಟ್ಟಿಗೆಯಲ್ಲಿ ಇದು ಸಿಗುವಂಥದಲ್ಲ.

ಎರಡು ಪಾಳಿ ದುಡಿದು ಬರುವ ತಾಯಿ ದಾರಿಯಲ್ಲಿ ಒಂದು ಮುಖವಾಡ ಕೊಂಡು ತಂದರೆ ಅವಳನ್ನು ಟೀಕಿಸುವ ಹಕ್ಕು ಯಾರಿಗೂ ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಆಕ್ಷೇಪ ಆ ತಾಯಿಯ ಮೇಲಲ್ಲ. ಕೊಂಡದ್ದೇ ನಿಜವಾದ ವೇಷ, ಮನೆಯದು ಬಡತನದ ಗುರುತು ಎಂದು ಮಕ್ಕಳಿಗೆ ಕಲಿಸುವ ಮಾರುಕಟ್ಟೆಯ ಮೇಲೆ. 2023ರಲ್ಲಿ ಅಮೆರಿಕನ್ನರು ಹ್ಯಾಲೋವೀನಿಗೆ ಸುಮಾರು 1,220 ಕೋಟಿ ಡಾಲರ್ ಖರ್ಚು ಮಾಡುವರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು. ಒಂದು ರಾತ್ರಿ ತೊಟ್ಟು ಎಸೆಯುವ ಪ್ಲಾಸ್ಟಿಕ್ಕಿಗೂ ಇದರಲ್ಲಿ ಪಾಲಿದೆ.

ಆದರೆ ಹಬ್ಬಕ್ಕೆ ಹೆಚ್ಚು ಪೆಟ್ಟು ಕೊಟ್ಟದ್ದು ಮಾರುಕಟ್ಟೆಯಲ್ಲ, ಒಂದು ವದಂತಿ. ಅಪರಿಚಿತರು ಸೇಬಿನೊಳಗೆ ಬ್ಲೇಡು ಅಡಗಿಸಿ ಕೊಡುತ್ತಾರೆ, ಮಿಠಾಯಿಗೆ ವಿಷ ಬೆರೆಸುತ್ತಾರೆ ಎಂಬ ಮಾತು 1960, 70ರ ದಶಕಗಳಲ್ಲಿ ಅಮೆರಿಕದಲ್ಲಿ ಬಲವಾಗಿ ಹಬ್ಬಿತು. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆತ ಮಿಠಾಯಿ ತಿಂದು ಸತ್ತ. ವಿಷ ಬೆರೆಸಿದವನು ಅಪರಿಚಿತನಲ್ಲ; ವಿಮೆಯ ಹಣಕ್ಕಾಗಿ ಸ್ವಂತ ತಂದೆಯೇ ಆ ಕೃತ್ಯ ಎಸಗಿದ್ದನೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಆದರೂ ಜನರ ಮನಸ್ಸಿನಲ್ಲಿ ಉಳಿದದ್ದು ಅಪರಿಚಿತನೇ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರು ಗೆರಾಲ್ಡ್ ಹೊರಿಯುಚಿ ಅವರೊಂದಿಗೆ 1958ರಿಂದ ಮುಂದಿನ ಪತ್ರಿಕಾ ವರದಿಗಳನ್ನು ಒಂದೊಂದಾಗಿ ಪರಿಶೀಲಿಸಿ 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಪರಿಚಿತರು ಕೊಟ್ಟ ಹ್ಯಾಲೋವೀನ್ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ಅವರಿಗೆ ದೊರೆಯಲಿಲ್ಲ.

ಆದರೆ ವದಂತಿ ತನ್ನ ಕೆಲಸ ಮಾಡಿ ಮುಗಿಸಿತ್ತು. ನೆರೆಮನೆಯ ಅಜ್ಜಿ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಜೋಳದರಳಿನ ಉಂಡೆ, ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು ಕಸದ ಬುಟ್ಟಿ ಸೇರತೊಡಗಿದವು. ಕಾರ್ಖಾನೆಯಲ್ಲಿ ಮೊಹರಾದ ಮಿಠಾಯಿಗೆ ಮಾತ್ರ ನಂಬಿಕೆ ಉಳಿಯಿತು. ಈಗ ಅನೇಕ ಊರುಗಳಲ್ಲಿ ಮಕ್ಕಳು ಮನೆಗಳಿಗೆ ಹೋಗುವುದೇ ಇಲ್ಲ. ಚರ್ಚಿನ ಅಥವಾ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ನಿಂತ ಕಾರುಗಳ ಡಿಕ್ಕಿಯಿಂದ ಸಿಹಿ ಪಡೆದು ಹಿಂದಿರುಗುತ್ತಾರೆ. ವಾಹನಗಳ ಭಯವಿರುವ ರಸ್ತೆಗಳಲ್ಲಿ, ಮನೆಗಳು ದೂರದೂರವಿರುವ ಕಡೆ ಇದಕ್ಕೆ ಒಳ್ಳೆಯ ಕಾರಣವೂ ಇದೆ. ಆದರೆ ನೆರೆಯವರನ್ನು ಶಂಕಿಸಿ ಮಾಡಿದ ಏರ್ಪಾಡು ಹಬ್ಬದ ಅರ್ಧವನ್ನು ಕಿತ್ತುಕೊಳ್ಳುತ್ತದೆ. ದೆವ್ವದ ಭಯವನ್ನು ನಗುತ್ತ ದಾಟಲು ಹುಟ್ಟಿದ ರಾತ್ರಿ ಪಕ್ಕದ ಮನೆಯ ಭಯಕ್ಕೆ ಸೋತಿತು.

ಇನ್ನು ದುಡ್ಡು ಕೊಟ್ಟು ಹೆದರುವ ಭೂತಬಂಗಲೆಗಳ ಮಾತು. ಇವೂ ಹಳೆಯವೇ. ಹಬೆಯಂತ್ರದಿಂದ ಅಲುಗುವ ಒಂದು ದೆವ್ವದ ಮನೆ 1915ರಷ್ಟು ಹಿಂದೆ ಇಂಗ್ಲೆಂಡಿನಲ್ಲಿ ತಯಾರಾಗಿತ್ತು. ಲಿಪ್‌ಹುಕ್ ಎಂಬಲ್ಲಿ ಅದನ್ನು ಈಗಲೂ ಕಾಪಾಡಿಕೊಂಡಿದ್ದಾರೆ. 1969ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ 'ಹಾಂಟೆಡ್ ಮ್ಯಾನ್ಶನ್' ತೆರೆಯಿತು. ಚಿಕ್ಕ ಮಕ್ಕಳೂ ತಾಯಿಯ ತೋಳು ಹಿಡಿದು ನೋಡಿ ನಕ್ಕು ಬರುವಂಥ, ಕಲಾವಿದರ ಶ್ರದ್ಧೆ ಕಾಣುವ ಭಯ ಅದು. 1970ರ ದಶಕದಲ್ಲಿ ಊರೂರಿನ ಜೇಸೀಸ್ ಶಾಖೆಗಳು ಪಾಳುಬಿದ್ದ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು, ಸದಸ್ಯರೇ ದೆವ್ವಗಳಾಗಿ, ಸಮಾಜಸೇವೆಗೆ ಹಣ ಎತ್ತಿದವು. 1973ರಲ್ಲಿ ಕ್ಯಾಲಿಫೋರ್ನಿಯದ ನಾಟ್ಸ್ ಬೆರಿ ಫಾರ್ಮ್ ಇಡೀ ಉದ್ಯಾನವನ್ನೇ ಹ್ಯಾಲೋವೀನ್ ರಾತ್ರಿಗಳಿಗಾಗಿ ಭಯದ ತಾಣವನ್ನಾಗಿ ಮಾಡಿತು. ಅಲ್ಲಿಂದ ಮುಂದೆ ಅದೊಂದು ಉದ್ಯಮ.

ಉದ್ಯಮದ ಮೊದಲ ಹೊಣೆ ಏನೆಂದು ತಿಳಿಯಲು ದೊಡ್ಡ ಬೆಲೆ ತೆರಬೇಕಾಯಿತು. 1984ರ ಮೇ 11ರಂದು ನ್ಯೂಜೆರ್ಸಿಯ ಮನರಂಜನಾ ಉದ್ಯಾನವೊಂದರ ಭೂತಕೋಟೆಗೆ ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದವರು ಸತ್ತರು. ಟ್ರೇಲರುಗಳನ್ನು ಜೋಡಿಸಿ ಕಟ್ಟಿದ್ದ ಆ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ತಾನಾಗಿ ನೀರು ಸಿಂಪಡಿಸುವ ವ್ಯವಸ್ಥೆ ಇರಲಿಲ್ಲ. ದಾರಿ ತಪ್ಪಿಸುವುದಕ್ಕೆಂದೇ ಮಾಡಿದ ಕತ್ತಲೆಯ ಓಣಿಗಳಲ್ಲಿ ನಿಜವಾಗಿಯೂ ಹೊರಬರಬೇಕಾದಾಗ ದಾರಿ ಸಿಗಲಿಲ್ಲ. ಅದಾದ ಮೇಲೆ ಇಂಥ ಕಟ್ಟಡಗಳಿಗೆ ಹೊಗೆಸೂಚಕ, ನೀರುಸಿಂಪಡಿಕೆ, ಅಪಾಯದಲ್ಲಿ ತಾವಾಗಿ ಹೊತ್ತುವ ದೀಪ ಇವೆಲ್ಲ ಇರಬೇಕೆಂಬ ನಿಯಮಗಳು ಅಮೆರಿಕದಲ್ಲಿ ಬಿಗಿಯಾದವು. ನಮ್ಮ ಸೊಸೈಟಿಗಳ ಕ್ಲಬ್ ಹೌಸಿನಲ್ಲಿ ಥರ್ಮೊಕೋಲ್, ಕಪ್ಪು ಪ್ಲಾಸ್ಟಿಕ್ ಹಾಳೆ, ಮೋಂಬತ್ತಿ ಸೇರಿಸಿ ಭಯದ ಕೋಣೆ ಕಟ್ಟುವವರು ಈ ಘಟನೆಯನ್ನು ಮರೆಯಬಾರದು.

ಸುರಕ್ಷತೆಯ ಆಚೆಗೂ ಒಂದು ಮಾತಿದೆ. ಟಿಕೆಟ್ಟಿನ ಭಯ ಯಾರನ್ನೂ ಗುರುತಿಸುವುದಿಲ್ಲ. ಸಾಲಿನಲ್ಲಿ ಬಂದ ಎಲ್ಲರನ್ನೂ ಒಂದೇ ಅಳತೆಯಲ್ಲಿ ಹೆದರಿಸುತ್ತದೆ. ಹದಿನಾರರ ಹುಡುಗನಿಗೆ ಅದು ಮೋಜು, ಆರರ ಮಗುವಿಗೆ ಹಿಂಸೆ. ಮನೆಯಲ್ಲಿ ಕಟ್ಟಿದ ಭಯಕ್ಕೆ ಮಗುವಿನ ಅಳತೆ ಗೊತ್ತು. ಸಿಪ್ಪೆ ಸುಲಿದ ದ್ರಾಕ್ಷಿಯನ್ನು ಕತ್ತಲೆಯಲ್ಲಿ ಮುಟ್ಟಿಸಿ 'ಇದು ರಾಕ್ಷಸನ ಕಣ್ಣು' ಎನ್ನುವ, ತಣ್ಣಗಿನ ಶಾವಿಗೆಯನ್ನು ಕರುಳೆಂದು ತೋರಿಸುವ ಚಿಕ್ಕಮ್ಮನಿಗೆ ಯಾವ ಕ್ಷಣದಲ್ಲಿ ದೀಪ ಹಾಕಬೇಕೆಂದು ತಿಳಿದಿರುತ್ತದೆ. ಇನ್ನೂ ಮುಖ್ಯವಾದುದು, ಮರುವರ್ಷ ಆ ಮಗುವೇ ಬಟ್ಟಲು ಹಿಡಿದು ತಮ್ಮನನ್ನು ಹೆದರಿಸಲು ನಿಲ್ಲುತ್ತದೆ. ಹೆದರುವವನು ಹೆದರಿಸುವವನಾಗುವುದರಲ್ಲಿ ಭಯದ ಅರ್ಧ ಔಷಧವಿದೆ.

ಈ ಮರ್ಮ ಕನ್ನಡನಾಡಿಗೆ ಹೊಸದಲ್ಲ. ಯಕ್ಷಗಾನದ ಚೌಕಿಯಲ್ಲಿ ಸಂಜೆ ಕುಳಿತ ಹುಡುಗ, ಬಣ್ಣದ ವೇಷದವರು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದನ್ನು ಗಂಟೆಗಟ್ಟಲೆ ನೋಡುತ್ತಾನೆ. ರಾಕ್ಷಸನಾಗುತ್ತಿರುವವರು ಯಾರೆಂದು ಅವನಿಗೆ ಗೊತ್ತು. ಆದರೂ ನಡುರಾತ್ರಿ ತೆರೆಯ ಹಿಂದಿನಿಂದ ಆ ಅಬ್ಬರ ಕೇಳಿದಾಗ ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತಾನೆ. ಮಂಗಳೂರಿನ ನವರಾತ್ರಿಯಲ್ಲಿ, ಉಡುಪಿಯ ಅಷ್ಟಮಿಯಲ್ಲಿ ಹುಲಿವೇಷ ಮನೆಯಂಗಳಕ್ಕೆ ಬರುತ್ತದೆ. ಆಟಿ ತಿಂಗಳಲ್ಲಿ ತುಳುನಾಡಿನ ಆಟಿ ಕಳೆಂಜ ತೆಂಗಿನ ಸಿರಿ ತೊಟ್ಟು, ಕೊಡೆ ತಿರುಗಿಸುತ್ತ, ಮಾರಿಯನ್ನು ಓಡಿಸಲೆಂದು ಮನೆಮನೆಗೆ ಬಂದು ಅಕ್ಕಿ ಪಡೆದು ಹೋಗುತ್ತದೆ. ಉತ್ತರ ಕರ್ನಾಟಕದ ಊರುಗಳಿಗೆ ಹಗಲುವೇಷದವರು ಬರುತ್ತಿದ್ದರು. ವೇಷ, ಬಾಗಿಲು, ಪಡೆಯುವ ಕಾಳು, ಕೊಡುವ ಆಟ, ಎಲ್ಲವೂ ಇಲ್ಲಿವೆ. ಇವು ಹ್ಯಾಲೋವೀನಿನ ಮೂಲವೆಂದೋ ನಕಲೆಂದೋ ಹೇಳುವ ಅಗತ್ಯವಿಲ್ಲ, ಅದು ನಿಜವೂ ಅಲ್ಲ. ಕಳೆಂಜನ ಹಿಂದೆ ನಂಬಿಕೆಯಿದೆ, ಒಂದು ಸಮುದಾಯದ ಬಾಳಿದೆ. ಅದನ್ನು ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೆ ಎರವಲು ತರುವುದು ಸಲ್ಲದು. ಹೆದರಿಕೆಯನ್ನು ಕೈಯಾರೆ ಮಾಡಿ, ನೆರೆಯವರೊಂದಿಗೆ ಹಂಚಿಕೊಂಡು ಹಗುರಾಗುವ ಬುದ್ಧಿ ಎರಡೂ ನೆಲದಲ್ಲಿ ಬೆಳೆದಿತ್ತು ಎಂಬುದಷ್ಟೇ ನಮ್ಮ ಮಾತು.

ಸತ್ತವರನ್ನು ಆಟದ ವಸ್ತು ಮಾಡುವುದು ಸರಿಯೇ ಎಂದು ಹಿರಿಯರು ಕೇಳುತ್ತಾರೆ. ಗೌರವದಿಂದ ಆಲಿಸಬೇಕಾದ ಪ್ರಶ್ನೆ ಇದು. ಮಹಾಲಯ ಪಕ್ಷದಲ್ಲಿ ಎಡೆ ಇಟ್ಟ ಮನೆಗೆ ಕೆಲವೇ ವಾರಗಳಲ್ಲಿ ಅಸ್ಥಿಪಂಜರದ ಚಿತ್ರ ಬಂದರೆ ಇರುಸುಮುರುಸಾಗುವುದು ಸಹಜ. ಮೂಲ ನೆಲದಲ್ಲೂ ಆಟ ಮತ್ತು ಸ್ಮರಣೆ ಬೇರೆಬೇರೆ ದಿನಗಳಿಗೆ ಸೇರಿವೆ ಎಂಬುದನ್ನು ಇಲ್ಲಿ ಗಮನಿಸಬಹುದು. ಅಮೆರಿಕದಲ್ಲಿ ಒಂದು ಸರಳ ಶಿಷ್ಟಾಚಾರವೂ ಇದೆ: ಜಗಲಿಯ ದೀಪ ಆರಿದ್ದರೆ ಆ ಮನೆಯ ಬಾಗಿಲು ತಟ್ಟುವುದಿಲ್ಲ. ಕಾರಣ ಯಾರೂ ಕೇಳುವುದಿಲ್ಲ. ಹಾಗೆಯೇ ಕೆಲವು ವರ್ಷಗಳಿಂದ ನೀಲಿಹಸಿರು ಬಣ್ಣದ ಕುಂಬಳಕಾಯಿ ಇಟ್ಟ ಮನೆ ಎಂದರೆ, ಕಡಲೆಬೀಜ, ಹಾಲು ಮುಂತಾದವು ಒಗ್ಗದ ಮಕ್ಕಳಿಗೆ ಅಲ್ಲಿ ತಿನಿಸಿನ ಬದಲು ಪುಟ್ಟ ಆಟಿಕೆ ಸಿಗುತ್ತದೆ ಎಂದರ್ಥ. ಒಲ್ಲದವರನ್ನು ಬಿಡುವುದು, ಬೇರೆಯವರನ್ನೂ ಸೇರಿಸಿಕೊಳ್ಳುವುದು, ಈ ಎರಡು ಸಂಜ್ಞೆಗಳನ್ನು ನಮ್ಮ ಸೊಸೈಟಿಗಳು ಪ್ಲಾಸ್ಟಿಕ್ ತಲೆಬುರುಡೆಗಿಂತ ಮೊದಲೇ ಆಮದು ಮಾಡಿಕೊಳ್ಳಬೇಕಿತ್ತು.

ಹಾಗಾದರೆ ಏನು ಮಾಡಬಹುದು? ಕೊಂಡ ವೇಷ ಬೇಡ, ಮನೆಯಲ್ಲಿರುವುದರಿಂದಲೇ ಮಾಡಿ ತನ್ನಿ ಎಂದು ಸೊಸೈಟಿಯ ಪ್ರಕಟಣೆಯಲ್ಲಿ ಒಂದು ಸಾಲು ಸೇರಿಸಬಹುದು. ಭಯದ ಕೋಣೆಯನ್ನು ಗುತ್ತಿಗೆಗೆ ಕೊಡದೆ ಹತ್ತನೆಯ ತರಗತಿಯ ಮಕ್ಕಳ ಕೈಗೊಪ್ಪಿಸಬಹುದು. ಮೋಂಬತ್ತಿ ಇರಕೂಡದು, ಹೊರದಾರಿ ತೆರೆದಿರಬೇಕು, ದೀಪದ ಗುಂಡಿಯ ಬಳಿ ಒಬ್ಬ ದೊಡ್ಡವರು ನಿಂತಿರಬೇಕು. ಪಕ್ಕದ ಮನೆಯವರು ಏನು ಹಾಕಿ ಮಾಡಿದ್ದಾರೆಂದು ಕೇಳಿ ತಿಳಿದು, ಅವರ ಚಕ್ಕುಲಿ, ಕೋಡುಬಳೆಯನ್ನು ಮಕ್ಕಳು ಪಡೆದು ತರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕಾಟ್ಲೆಂಡಿನ ಆ ಹಳೆಯ ನಿಯಮವನ್ನು ಮರಳಿ ತರಬಹುದು. ಬಾಗಿಲು ತೆರೆದಾಗ ಮಗು ಏನಾದರೊಂದು ಹೇಳಬೇಕು: ಕನ್ನಡದ ಒಂದು ಶಿಶುಗೀತೆ, ಒಂದು ಒಗಟು, ಅಜ್ಜಿಯಿಂದ ಕಲಿತ ಒಂದು ಪದ. ಎದುರು ಮನೆಯ ಮರಾಠಿ ಕಾಕೂ, ಮೇಲಿನ ಮಹಡಿಯ ತಮಿಳು ತಾತ ಅದನ್ನು ಅರ್ಥ ಕೇಳಿ ತಿಳಿಯಲಿ. ಅವರ ಮನೆಯ ಮಗು ನಮ್ಮ ಬಾಗಿಲಿಗೆ ಬಂದು ತನ್ನ ಭಾಷೆಯಲ್ಲಿ ಹೇಳಲಿ. ನಾಲ್ಕು ಗೋಡೆಯೊಳಗೆ ಮಾತ್ರ ಕೇಳುವ ನಮ್ಮ ಮಕ್ಕಳ ಕನ್ನಡಕ್ಕೆ ಆ ಒಂದು ಸಂಜೆಯಾದರೂ ಇಪ್ಪತ್ತು ಬಾಗಿಲು ತೆರೆದಂತಾಗುತ್ತದೆ.

ಮನೆಯ ಬಾಗಿಲಿಗೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಸಾಗಹಾಕಿದ ನಾಡಿನವರು ನಾವು. ಮಹಾನಗರದ ಲಿಫ್ಟಿನಲ್ಲಿ ಕಣ್ಣು ತಪ್ಪಿಸಿ ನಿಲ್ಲುತ್ತ, ಹತ್ತು ವರ್ಷ ಒಂದೇ ಮಹಡಿಯಲ್ಲಿದ್ದೂ ಹೆಸರು ಕೇಳದೆ, ನೆರೆಯವರಿಗೂ ಅದನ್ನೇ ಹೇಳುವ ಬದುಕು ಈಗ ಎಲ್ಲೆಡೆ ರೂಢಿಯಾಗಿದೆ. ಬೆಡ್‌ಶೀಟು ಹೊದ್ದ ಪುಟ್ಟ ದೆವ್ವವೊಂದು ಕರೆಗಂಟೆ ಒತ್ತಿದಾಗ ಅದು ಯಾರ ಹಬ್ಬವೆಂದು ವಿಚಾರಿಸುವ ಮೊದಲು ಬಾಗಿಲು ತೆರೆಯೋಣ. ಆ ವೇಷವನ್ನು ಯಾರು ಮಾಡಿಕೊಟ್ಟರೆಂದು ಕೇಳೋಣ.